ಓಲೆ ಬರೆದ ಕೈ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಕಲ್ಲಯ್ಯ ಗುರುಗಳು ಕಲಿಸುತ್ತಿದ್ದ ವಿದ್ಯೆ ಒಂದೇ, ಮುರಿದ ಮೂಳೆ ಕೂಡಿಸಿ ಕಟ್ಟುವುದು.

ಕಲಿತು ಮುಗಿಸಿದವರು ಪಟ್ಟಣದ ವೈದ್ಯಶಾಲೆಗೆ ಹೋಗುತ್ತಿದ್ದರು. ಗುರುಗಳ ಶಿಫಾರಸಿನ ಓಲೆ ಇಲ್ಲದೆ ಅಲ್ಲಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಓಲೆ ತಂದವರೇ ಮುಚ್ಚಿದ ಬಾಗಿಲ ಹೊರಗೆ ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಒಳಗಿನ ವೈದ್ಯರು ಕೇಳಿಸಿಕೊಂಡು, ಇವರಿಗೆ ಯಾವ ಕೆಲಸ ಎಂದು ಅಲ್ಲಿಂದಲೇ ಕೂಗಿ ಹೇಳುವರು.

ಆ ವರ್ಷ ಹೊರಟು ನಿಂತವರು ಇಬ್ಬರು, ಬೊಪ್ಪಣ್ಣ ಮತ್ತು ದೇಮವ್ವ.

ಬೊಪ್ಪಣ್ಣ ಗುರುಗಳ ಹಿಂದೆ ಮುಂದೆ ಸುಳಿದು ಓಲೆ ಕೇಳಿದ. ದೇಮವ್ವನಿಗೆ ಕೇಳುವುದೆಂದರೆ ಸಂಕೋಚ. ಗುರುಗಳ ಬಾಗಿಲವರೆಗೆ ಹೋಗುವಳು, ಬಿಂದಿಗೆಯಲ್ಲಿ ನೀರಿದೆಯೇ ಎಂದು ಇಣುಕಿ ನೋಡಿದಂತೆ ಮಾಡಿ ವಾಪಸು ಬರುವಳು. ಕಡೆಗೊಂದು ದಿನ, "ಗುರುಗಳೇ, ನನಗೂ..." ಎಂದಳು. ಅಷ್ಟೇ ಎಂದದ್ದು.

"ಬರೆದಿಟ್ಟಿದ್ದೇನೆ ಮಗಳೇ," ಎಂದರು ಗುರುಗಳು.

ಹೊರಡುವ ದಿನ ಬೆಳಿಗ್ಗೆ ಇಬ್ಬರನ್ನೂ ಜಗಲಿಗೆ ಕರೆದು ಓಲೆ ಕೊಟ್ಟರು. "ಒಮ್ಮೆ ಇಲ್ಲೇ ಓದಿ. ಅಲ್ಲಿ ಹೋಗಿ ತಡವರಿಸಬೇಡಿ."

ಬೊಪ್ಪಣ್ಣ ಎದೆ ಮುಂದೆ ಮಾಡಿ ಓದಿದ. "ಬೊಪ್ಪಣ್ಣನ ಕೈಯನ್ನು ನಂಬಬಹುದು. ಮುರಿದ ಮೂಳೆ ಕೂಡಿಸಬಲ್ಲ. ಜಾರಿದ ಕೀಲು ಕೂರಿಸಬಲ್ಲ."

ದೇಮವ್ವ ಓದಿದಳು. "ದೇಮವ್ವ ಗುಣವಂತೆ. ಮೆಲುಮಾತಿನವಳು. ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸುತ್ತಾಳೆ. ಹಿರಿಯರೆಂದರೆ ಭಯಭಕ್ತಿ. ಈವರೆಗೆ ಒಮ್ಮೆಯೂ ನನ್ನ ಮಾತು ಮೀರಿದವಳಲ್ಲ."

"ಅಕ್ಕಾ, ನಿನ್ನ ಓಲೆ ನನ್ನದಕ್ಕಿಂತ ಉದ್ದ!" ಎಂದ ಬೊಪ್ಪಣ್ಣ. ಅವನಿಗೆ ನಿಜಕ್ಕೂ ಹೊಟ್ಟೆಕಿಚ್ಚಾಗಿತ್ತು.

ದೇಮವ್ವ ಓಲೆಯನ್ನು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಏನೂ ಇರಲಿಲ್ಲ.

ಸಾತವ್ವ ನೆನಪಾದಳು. ತನಗಿಂತ ಮುಂಚೆ ಇಲ್ಲಿ ಕಲಿತು ಹೋದವಳು. ತೊಡೆ ಮುರಿದು ಬಿದ್ದಿದ್ದ ಒಬ್ಬ ರೈತನನ್ನು ಮತ್ತೆ ಗದ್ದೆಗೆ ಇಳಿಸಿದವಳು. ಅವಳೂ ಇಂಥದೇ ಓಲೆ ಹಿಡಿದು ಹೋಗಿದ್ದಳು. ಈಗ ವೈದ್ಯಶಾಲೆಯಲ್ಲಿ ರೋಗಿಗಳಿಗೆ ಗಂಜಿ ಬಡಿಸುತ್ತಿದ್ದಾಳೆ.

ದೇಮವ್ವ ಓಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಣ್ಣೆ ಕಾಯಿಸಿದ ಪಾತ್ರೆಗಳನ್ನು ಎತ್ತಿಕೊಂಡು ಹೊಳೆಗೆ ಹೋದಳು. ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಹೊರಡುವ ದಿನವೂ ಕೂತು ಪಾತ್ರೆ ತಿಕ್ಕುತ್ತಿದ್ದೇನಲ್ಲ ಎಂದು ತಟ್ಟನೆ ಅನ್ನಿಸಿತು. ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಪಾತ್ರೆಯನ್ನು ಬೀಸಿ ಹೊಳೆಗೆ ಎಸೆದಳು. ಅದು ಒಂದಿಷ್ಟು ದೂರ ತೇಲಿ, ಓರೆಯಾಗಿ, ನೀರು ಕುಡಿದು ಮುಳುಗಿತು.

ಒದ್ದೆ ಕಾಲಲ್ಲೇ ಜಗಲಿ ಹತ್ತಿದಳು.

"ಈ ಓಲೆ ನನಗೆ ಬೇಡ."

ಗುರುಗಳು ತಲೆ ಎತ್ತಿದರು. "ಯಾಕೆ ಮಗಳೇ? ಒಳ್ಳೆಯ ಮಾತುಗಳನ್ನೇ ಬರೆದಿದ್ದೇನಲ್ಲ."

"ಒಳ್ಳೆಯ ಮಾತೇ. ಸೊಸೆ ಹುಡುಕುವವರಿಗೆ ಕೊಡಿ, ಕುಣಿದುಕೊಂಡು ಬರುತ್ತಾರೆ."

ಗಂಟು ಕಟ್ಟುತ್ತಿದ್ದ ಬೊಪ್ಪಣ್ಣನ ಕೈ ಹಾಗೇ ನಿಂತಿತು.

"ಕೋಪದಲ್ಲಿದ್ದೀಯ," ಎಂದರು ಗುರುಗಳು. "ಹೋಗಿ ನೀರು ಕುಡಿ. ಕೋಪ ಇಳಿಯಲಿ, ಆಮೇಲೆ ಮಾತಾಡೋಣ."

"ಇಳಿದರೆ ನಾನು ಮಾತಾಡುವುದಿಲ್ಲ. ಅದು ನನಗೂ ಗೊತ್ತು. ನಿಮಗೂ ಗೊತ್ತು, ಅದಕ್ಕೇ ಇಳಿಯಲಿ ಅಂತೀರಿ."

ಅವಳು ಓಲೆಯನ್ನು ತೆಗೆದು ಗುರುಗಳ ಮುಂದೆ ಹಿಡಿದಳು.

"ಅಂಗಳ ಗುಡಿಸುವುದು ಕಲಿಯಲಿಕ್ಕೆ ಇಲ್ಲಿಗೆ ಬಂದೆನಾ? ಅದನ್ನು ನಮ್ಮಮ್ಮನೇ ಕಲಿಸಿದ್ದಳು. ನೀವು ಕಲಿಸಿದ್ದರ ಬಗ್ಗೆ ಇದರಲ್ಲಿ ಒಂದಕ್ಷರ ಇಲ್ಲ."

"ನಿನ್ನ ಕೈ ಎಂಥದ್ದು ಅಂತ ಹೋದ ಮೇಲೆ ಅವರಿಗೇ ಗೊತ್ತಾಗುತ್ತದೆ."

"ಸಾತಕ್ಕನ ಕೈ ಗೊತ್ತಾಯಿತಾ? ಸೌಟು ಹಿಡಿದ ಕೈ ನೋಡಿ ಯಾರಿಗೆ ಏನು ಗೊತ್ತಾಗುತ್ತದೆ ಗುರುಗಳೇ?"

ಗುರುಗಳ ಬಲಗೈ ಮೊಣಕಾಲ ಮೇಲಿತ್ತು. ದೇಮವ್ವನ ಕಣ್ಣು ಅದರ ಮೇಲೆ ನಿಂತಿತು.

"ಈ ಓಲೆಯನ್ನು ಯಾವ ಕೈಯಲ್ಲಿ ಬರೆದಿರಿ?"

"ಇದೇ ಕೈಯಲ್ಲಿ."

"ಹೋದ ವರ್ಷ ಹೊಳೆಯ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿರಲ್ಲ, ಅದೇ ಕೈಯಾ?"

"ಹೌದು."

"ಕಟ್ಟಿದ್ದು ಯಾರು?"

ಬೊಪ್ಪಣ್ಣನೇ ಮೆಲ್ಲಗೆ ಅಂದ, "ಅಕ್ಕ. ನಾನು ನಿಮ್ಮ ಭುಜ ಹಿಡಿದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡು."

"ಮೂಳೆ ಎಳೆಯುವಾಗ ಬಿಡು ಬಿಡು ಅಂತ ಕೂಗಿದಿರಿ. ನಿನ್ನ ಗುರು ಹೇಳುತ್ತಿದ್ದೇನೆ, ಬಿಡೇ ಅಂದಿರಿ. ಬಿಟ್ಟೆನಾ ನಾನು?" ದೇಮವ್ವ ಒಂದು ಹೆಜ್ಜೆ ಮುಂದೆ ಬಂದಳು. "ಬಿಟ್ಟಿದ್ದರೆ ಈ ಕೈ ಓಲೆ ಕೊರೆಯುವ ಕಂಟವನ್ನು ಇನ್ನೊಮ್ಮೆ ಹಿಡಿಯುತ್ತಿರಲಿಲ್ಲ. ಅದೇ ಕೈಯಲ್ಲಿ ಬರೆದಿದ್ದೀರಿ, ಮಾತು ಮೀರಿದವಳಲ್ಲ ಅಂತ!"

ಗುರುಗಳು ತಮ್ಮ ಮಣಿಕಟ್ಟನ್ನು ಆ ಕಡೆ ಈ ಕಡೆ ತಿರುಗಿಸಿದರು. ಬೆರಳು ಮಡಿಸಿ ಬಿಡಿಸಿದರು.

ಆಮೇಲೆ ಅವಳ ಕೈಯಿಂದ ಓಲೆ ತೆಗೆದುಕೊಂಡು ಎರಡು ತುಂಡು ಮಾಡಿ ಎಣ್ಣೆ ಕಾಯಿಸುವ ಒಲೆಗೆ ಹಾಕಿದರು. ಹೊಸ ತಾಳೆಗರಿಯೊಂದನ್ನು ಎಳೆದುಕೊಂಡರು. ಕಂಟ ಗರಗರ ಎನ್ನುವುದೊಂದೇ ಕೇಳುತ್ತಿತ್ತು.

"ಓದು."

ದೇಮವ್ವ ಓದಿದಳು. "ಈ ಓಲೆ ಬರೆದ ಕೈ ಮುರಿದಿತ್ತು. ನೋವು ತಾಳದೆ ನಾನು ಬಿಡು ಅಂದೆ. ದೇಮವ್ವ ಬಿಡಲಿಲ್ಲ. ಅಕ್ಷರ ನೆಟ್ಟಗಿದೆಯೋ ಇಲ್ಲವೋ, ಬಾಗಿಲು ತೆರೆದು ನೀವೇ ನೋಡಿ."

ಬೊಪ್ಪಣ್ಣ ತನ್ನ ಓಲೆಯನ್ನು ಮೆಲ್ಲಗೆ ಗಂಟಿನೊಳಗೆ ತಳ್ಳಿದ.

"ಸಾತಕ್ಕನದು?" ಎಂದಳು ದೇಮವ್ವ.

ಗುರುಗಳು ಆಗಲೇ ಇನ್ನೊಂದು ಗರಿ ಕೈಗೆತ್ತಿಕೊಂಡಿದ್ದರು. ಅದನ್ನೂ ಬರೆದು ಮುಗಿಸಿ ಅವಳಿಗೇ ಕೊಟ್ಟರು.

ಅಷ್ಟರಲ್ಲಿ ಅವಳ ದನಿ ಮೊದಲಿನಂತೆ ಒಳಗೆ ಹೋಗಿಬಿಟ್ಟಿತ್ತು. ನೆಲ ನೋಡುತ್ತ, "ಗುರುಗಳೇ, ಒಂದು ಪಾತ್ರೆ ಹೊಳೆಗೆ ಎಸೆದುಬಿಟ್ಟೆ," ಎಂದಳು.

"ಹೋಗಲಿ ಬಿಡು," ಎಂದರು ಗುರುಗಳು. "ಕೋಪ ಮಾತ್ರ ಇಳಿಸಿಕೊಳ್ಳಬೇಡ. ವೈದ್ಯಶಾಲೆಯ ಬಾಗಿಲು ದಪ್ಪ ಇದೆ."