ಡ್ರೈವಿಂಗ್ ಸ್ಕೂಲಿನ ಫೀ ಮರಳಿಸಿದ ಮುರಿಗೆವ್ವ

ಮಕ್ಕಳೇ, ಬ್ಯಾಡಗಿ ಪೇಟೆಯಲ್ಲಿ ಮುರಿಗೆವ್ವ ಎಂಬಾಕೆಗೆ ನಾಲ್ಕು ಲಾರಿಗಳಿದ್ದವು. ಇದು ಬಹಳ ಹಿಂದಿನ ಮಾತು. ಆಗ ಲಾರಿಯ ಮೈಯೆಲ್ಲ ಕಟ್ಟಿಗೆಯದು. ಹಾರನ್ ಸದ್ದು ಕೇಳಿಯೇ ಓಣಿಯ ಹೆಂಗಸರು ಯಾರ ಗಂಡ ಊರಿಗೆ ಬಂದ ಎಂದು ಹೇಳಿಬಿಡುತ್ತಿದ್ದರು. ಮೆಣಸಿನಕಾಯಿ ಚೀಲ ಹೇರುವ ದಿನ ಇಡೀ ಪೇಟೆ ಸೀನುತ್ತಿತ್ತು. ಅಂಥ ದಿನ ಸೀನಿದರೆ ಯಾರೂ ಅಪಶಕುನ ಎನ್ನುತ್ತಿರಲಿಲ್ಲ.

ಮುರಿಗೆವ್ವನ ಗಂಡ ಲಾರಿ ಉರುಳಿ ತೀರಿಕೊಂಡಿದ್ದ. ಅವತ್ತು ಸ್ಟೇರಿಂಗ್ ಹಿಡಿದಿದ್ದವನು ಸರಿಯಾಗಿ ಕಲಿತವನಲ್ಲ, ನೋಡಿ ನೋಡಿ ಅಷ್ಟಿಷ್ಟು ರೂಢಿ ಮಾಡಿಕೊಂಡವನು. ಅಂದಿನಿಂದ ಆಕೆ ಒಂದು ಪದ್ಧತಿ ಇಟ್ಟಳು. ತನ್ನ ಲಾರಿ ಹತ್ತುವವನು ಡ್ರೈವಿಂಗ್ ಸ್ಕೂಲಿಗೆ ಹೋಗಿ ಕ್ರಮವಾಗಿ ಕಲಿತು ಬರಬೇಕು. ಫೀ ಕಟ್ಟಿದ ರಸೀದಿ ತಂದುಕೊಡಬೇಕು. ಎರಡು ವರ್ಷ ತನ್ನಲ್ಲಿ ದುಡಿದರೆ ಆ ಫೀ ಪೂರ್ತಿ ಮರಳಿ ಕೊಡುತ್ತಾಳೆ.

ಬೇರೆ ಮಾಲೀಕರು ನಕ್ಕರು. ಅವರಲ್ಲೊಬ್ಬ ತನ್ನ ಡ್ರೈವರುಗಳ ಲೈಸೆನ್ಸನ್ನೇ ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದ. "ಹಿಂಗ ಹಿಡದಿಟ್ರ ಎಲ್ಲಿಗೂ ಹೋಗಂಗಿಲ್ಲ, ನೋಡ್ರಿ" ಎಂದು ಆಕೆಗೆ ಬುದ್ಧಿಯನ್ನೂ ಹೇಳಿದ.

ಅದೇ ಪೇಟೆಯಲ್ಲಿ ಫಕ್ಕೀರಪ್ಪ ಎಂಬ ಹಮಾಲನಿದ್ದ. ಹತ್ತು ವರ್ಷ ಚೀಲ ಹೊತ್ತು ಅವನ ಬೆನ್ನು ಸೋತಿತ್ತು. ಮುರಿಗೆವ್ವನ ಪದ್ಧತಿ ಕೇಳಿ ಅವನ ಹೆಂಡತಿ ಗುತ್ತೆವ್ವ ಸಾಕಿದ ಎರಡು ಆಡುಗಳನ್ನು ಮಾರಿದಳು. "ಹೋಗಿ ಕಲ್ತು ಬರ್ರಿ. ಆಡು ಮತ್ತ ತರಬಹುದು, ಬೆನ್ನು ಎಲ್ಲಿಂದ ತರೂದು?" ಎಂದಳು.

ಫಕ್ಕೀರಪ್ಪ ಹುಬ್ಬಳ್ಳಿಗೆ ಹೋಗಿ ಕಲಿತ. ಲೈಸೆನ್ಸ್ ಸಿಕ್ಕಿತು, ರಸೀದಿ ಕೊಟ್ಟು ಮುರಿಗೆವ್ವನ ಲಾರಿ ಹತ್ತಿದ. ಮೊದಲ ಸಲ ಮೆಣಸಿನಕಾಯಿ ಹೇರಿಕೊಂಡು ಕೊಚ್ಚಿಗೆ ಹೊರಟಾಗ ಅರಬೈಲ್ ಘಟ್ಟದಲ್ಲಿ ಅವನ ಅಂಗಿ ಬೆವರಿನಿಂದ ತೊಯ್ದುಹೋಯಿತು. ಆರು ತಿಂಗಳಾಗುವಷ್ಟರಲ್ಲಿ ಅದೇ ಘಟ್ಟವನ್ನು ಹಾಡು ಗುನುಗುತ್ತ ಇಳಿಯುವಂತಾದ. ಎಲ್ಲಿ ಗೇರ್ ಇಳಿಸಬೇಕು, ಎಲ್ಲಿ ಎದುರಿನವನಿಗೆ ದಾರಿ ಬಿಡಬೇಕು ಎಂಬುದು ಅವನ ಕಣ್ಣಿಗೆ ಕಟ್ಟಿದಂತಿತ್ತು.

ಒಂದು ವರ್ಷ ಎಂಟು ತಿಂಗಳು ಕಳೆಯಿತು. ಆಗ ಅವನು ಅರ್ಜಿ ಹಾಕಿದ್ದ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಪತ್ರ ಬಂತು. ಹದಿನೈದು ದಿನದೊಳಗೆ ಹಾಜರಾಗಬೇಕು. ಈ ಸಲ ಬಿಟ್ಟರೆ ವಯಸ್ಸು ಮೀರುತ್ತಿತ್ತು. ಆದರೆ ಮೆಣಸಿನಕಾಯಿ ಸುಗ್ಗಿ ಆಗಷ್ಟೇ ಶುರುವಾಗಿತ್ತು. ಎರಡು ವರ್ಷ ತುಂಬಲು ಇನ್ನೂ ನಾಲ್ಕು ತಿಂಗಳಿತ್ತು.

ಜೊತೆಯ ಡ್ರೈವರೊಬ್ಬ ಹೇಳಿಕೊಟ್ಟ. "ಹೆಂಡ್ತಿಗೆ ಆಪರೇಶನ್ ಐತಿ ಅಂತ ಹೇಳು. ಫೀದ ರೊಕ್ಕ ಈಗ ಇಸ್ಕೊ. ಆಮ್ಯಾಲ ಹೇಳದ ಕೇಳದ ಹೋಗಿಬಿಡು."

ಫಕ್ಕೀರಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪತ್ರ ಹಿಡಿದು ನೇರ ಮುರಿಗೆವ್ವನ ಮುಂದೆ ನಿಂತ.

"ಅವ್ವಾರ, ನನಗ ಬಸ್ಸಿನ ನೌಕರಿ ಬಂದೈತ್ರಿ. ನಿಮಗ ಕೊಟ್ಟ ಮಾತು ಪೂರ್ತಿ ಆಗಿಲ್ಲ. ಫೀ ನಾ ಕೇಳಂಗಿಲ್ಲ. ಹೋಗಾಕ ಒಪ್ಪಿಗಿ ಕೊಡ್ರಿ ಸಾಕು."

ಮುರಿಗೆವ್ವನ ಮುಖ ಬಿಗಿಯಿತು. "ಸುಗ್ಗಿ ತಲಿ ಮ್ಯಾಲೆ ಬಂದಾಗ ಹೊಂಟಿಯಲ್ಲೋ, ಫಕ್ಕೀರಾ. ನನ್ನ ಲಾರಿ ನಿಂತ್ರ ಯಾರು ನಡಸ್ತಾರ?" ಎಂದು ಒಳಗೆ ಎದ್ದುಹೋದಳು. ಅವನು ತಲೆ ತಗ್ಗಿಸಿ ಮನೆಗೆ ಬಂದ.

ಅವತ್ತು ಸಂಜೆ ಆಕೆಯೇ ಅವನ ಮನೆಗೆ ನಡೆದು ಬಂದಳು. ಗುತ್ತೆವ್ವ ಕಂಬಳಿ ಹಾಸಿದಳು. ಮುರಿಗೆವ್ವ ಕುಳಿತು ನೀರು ಕುಡಿದಳು.

"ಮುಂಜಾನೆ ಸಿಟ್ಟು ಬಂದಿತ್ತು, ಖರೆ. ಆಮ್ಯಾಲ ಕೂತು ವಿಚಾರ ಮಾಡಿದೆ. ನಾ ಫೀ ಕೊಡ್ತೀನಿ ಅಂದಿದ್ದು ಯಾಕ? ರಸ್ತೇದಾಗ ಕಲತ ಡ್ರೈವರ್ ಇರ್ಲಿ ಅಂತ. ನೀ ಬಸ್ಸಿನ್ಯಾಗ ಐವತ್ತು ಮಂದೀನ ಕುಂದ್ರಿಸ್ಕೊಂಡು ಹೋಗಾಂವ. ಕಲ್ತದ್ದು ಎಲ್ಲಿ ಹಾಳಾತು?" ಎಂದಳು. "ಆದ್ರ ಉಳಿದ ನಾಲ್ಕು ತಿಂಗಳು ನಾ ಸುಮ್ನ ಬಿಡಂಗಿಲ್ಲ. ನನ್ನ ಹೊಸಾ ಡ್ರೈವರ್ ಇಮಾಮಸಾಬ ಮೊನ್ನೆ ಲೈಸೆನ್ಸ್ ತಂದಾನ. ಘಟ್ಟ ಕಂಡ್ರ ಅವನ ಕಾಲು ನಡಗತಾವು. ನೀ ಹೋಗೂತನಕ ಅವನ್ನ ಬಾಜೂಕ ಕುಂದ್ರಿಸ್ಕೊ. ಘಟ್ಟ ಕಲಿಸು. ಅಷ್ಟಾದ್ರ ನಿನ್ನ ಎರಡು ವರ್ಷ ತುಂಬಿದಂಗ."

ಫಕ್ಕೀರಪ್ಪ ಕೈ ಮುಗಿದ. "ಆಗಲ್ರಿ ಅವ್ವಾರ" ಎಂದ.

ಇಮಾಮಸಾಬ ಕೂಡ ಅದೇ ಪೇಟೆಯಲ್ಲಿ ಹಮಾಲಿ ಮಾಡಿದವನು. ಮೊದಲ ಸಲ ಘಟ್ಟ ಇಳಿಯುವಾಗ ಫಕ್ಕೀರಪ್ಪ ತಾನೇ ಓಡಿಸಿ ಪ್ರತಿ ತಿರುವನ್ನೂ ಬಾಯಿಬಿಟ್ಟು ಹೇಳಿದ. ಎರಡನೆಯ ಸಲ ಸ್ಟೇರಿಂಗ್ ಬಿಟ್ಟುಕೊಟ್ಟು ಪಕ್ಕದಲ್ಲಿ ಕುಳಿತ. ಅರ್ಧ ಘಟ್ಟದವರೆಗೆ ಮಾತನಾಡಿದ, ಆಮೇಲೆ ಬೇಕೆಂದೇ ಸುಮ್ಮನಾದ. ಇಮಾಮಸಾಬ ಒಬ್ಬನೇ ಲಾರಿಯನ್ನು ಕೆಳಗಿಳಿಸಿದ. ತಪ್ಪಲಲ್ಲಿ ಲಾರಿ ನಿಲ್ಲಿಸಿ ಇಬ್ಬರೂ ಚಹಾ ಕುಡಿದರು. ಆ ಚಹಾದ ರುಚಿಯನ್ನು ಇಮಾಮಸಾಬ ಮುದುಕನಾದ ಮೇಲೂ ಹೇಳುತ್ತಿದ್ದ.

ಹೋಗುವ ದಿನ ಮುರಿಗೆವ್ವ ಫೀ ಹಣವನ್ನು ಪೂರ್ತಿಯಾಗಿ ಗುತ್ತೆವ್ವನ ಕೈಗೆ ಕೊಟ್ಟಳು.

ಈ ಸುದ್ದಿ ಲಾರಿ ಹೋದಲ್ಲೆಲ್ಲ ಹೋಯಿತು. ಹಾವೇರಿ, ರಾಣೆಬೆನ್ನೂರುಗಳಿಂದ ಹೊಸ ಡ್ರೈವರುಗಳು ಹುಡುಕಿಕೊಂಡು ಬಂದರು. ಕೆಲವರು ಎರಡು ವರ್ಷವಿದ್ದು ಹೋದರು. ಇಮಾಮಸಾಬನಂಥವರು ಇಪ್ಪತ್ತು ವರ್ಷವಿದ್ದರು. ಹೋಗುವವನು ಇನ್ನೊಬ್ಬನಿಗೆ ಘಟ್ಟ ಕಲಿಸಿಯೇ ಹೋಗಬೇಕು ಎನ್ನುವುದು ಅಲ್ಲಿಯ ರೂಢಿಯಾಯಿತು. ಯಾವ ಸುಗ್ಗಿಯಲ್ಲೂ ಆಕೆಯ ಲಾರಿ ಡ್ರೈವರಿಲ್ಲದೆ ನಿಲ್ಲಲಿಲ್ಲ. ಲೈಸೆನ್ಸ್ ಮುಚ್ಚಿಟ್ಟ ಮಾಲೀಕನ ಕಡೆ ಯಾರೂ ಸುಳಿಯದಾದರು.

ವಯಸ್ಸಾದ ಮೇಲೆ ಮುರಿಗೆವ್ವ ನಾಲ್ಕೂ ಲಾರಿಗಳನ್ನು ಮಾರಿದಳು. ಆ ವರ್ಷ ಆಯುಧಪೂಜೆಯ ದಿನ ಪೂಜೆಗೆ ಒಂದು ಗಾಲಿಯೂ ಇಲ್ಲವೆಂದು ಆಕೆ ಸುಮ್ಮನೆ ಕಟ್ಟೆಯ ಮೇಲೆ ಕುಳಿತಿದ್ದಳು. ಓಣಿಯ ತುದಿಯಲ್ಲಿ ಹಾರನ್ ಕೇಳಿಸಿತು. ಚೆಂಡುಹೂವಿನ ಮಾಲೆ ಹಾಕಿದ ಒಂದು ಲಾರಿ, ಅದರ ಹಿಂದೆ ಹಾಲಿನ ಟ್ಯಾಂಕರ್, ಅದರ ಹಿಂದೆ ಇನ್ನೂ ಮೂರು ಲಾರಿ. ಎಲ್ಲ ಬೇರೆಯವರ ಗಾಡಿಗಳು, ಓಡಿಸುವವರು ಮಾತ್ರ ಆಕೆಯಲ್ಲಿ ಕಲಿತು ಹೋದವರು. ಕೊನೆಗೆ ಬಂದ ಫಕ್ಕೀರಪ್ಪ ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಖಾಕಿ ಅಂಗಿಯಲ್ಲೇ ನಡೆದು ಬಂದಿದ್ದ.

"ಅವ್ವಾರ, ಮೊದಲ ಕುಂಕುಮ ನಿಮ್ಮ ಕೈಲೆ ಆಗ್ಲಿ" ಎಂದ ಇಮಾಮಸಾಬ.

ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಅವರು ಕೈಹಿಡಿದು ಒಂದೊಂದೇ ಗಾಡಿ ಹತ್ತಿಸಿದಂತೆ, ಒಂದೊಂದೇ ಸ್ಟೇರಿಂಗಿಗೆ ಕುಂಕುಮ ಹಚ್ಚುತ್ತ ಹೋದಳು.

ನೀತಿ: ಕಲಿಸಿದವರು ಕಲಿತವರನ್ನು ಕಟ್ಟಿಹಾಕಬಾರದು, ಕಲಿತವರು ಕಲಿಸಿದವರಿಗೆ ಸುಳ್ಳು ಹೇಳಬಾರದು. ವಿದ್ಯೆಯ ಋಣ ಇನ್ನೊಬ್ಬರಿಗೆ ಕಲಿಸಿದಾಗ ತೀರುತ್ತದೆ.