ಹುರುಳಿಯ ನಾಲ್ಕನೇ ಹೆಜ್ಜೆ

ಸದ್ದು ಮಾಡದೆ ಕೇಳಿ, ಮಕ್ಕಳೇ. ಇದು ನೋವಿನ ಕಥೆ.

ಬುಟ್ಟಿ ಹೆಣೆಯುವ ಹೊನ್ನಜ್ಜಿಗೆ ಒಂದು ನಾಯಿ. ಅದರ ಹೆಸರು ಹುರುಳಿ. ಹುರುಳಿ ಮಾಳಿಗೆಯಿಂದ ಹಾರಿತು. ಟಕ್ ಅಂತು. ಮುಂಗಾಲಿನ ಕೀಲಿನ ಮೂಳೆ ಮುರಿಯಿತು. ನಾಲ್ಕು ಹೆಜ್ಜೆ ಮೂರಾಯಿತು.

ಅಜ್ಜಿ ಹುರುಳಿಯನ್ನು ಬುಟ್ಟಿಯಲ್ಲಿ ಮಲಗಿಸಿದಳು. ಬುಟ್ಟಿ ಹೊತ್ತಳು. ಡಾಕ್ಟರಮ್ಮನ ಹತ್ತಿರ ಹೋದಳು.

"ಡಾಕ್ಟರಮ್ಮ, ಡಾಕ್ಟರಮ್ಮ, ಮೂಳೆ ಕೂಡಿಸವ್ವ. ಮೂಳೆ ಕೂಡದೆ ಹುರುಳಿ ನಡೆಯಲ್ಲ."

"ಕೊಯ್ದು, ಮೊಳೆ ಹಾಕಿ ಕೂಡಿಸ್ತೀನಜ್ಜಿ. ಆದ್ರೆ ಒಳಗಿನ ಚಿತ್ರ ನೋಡದೆ ಕೊಯ್ಯಲ್ಲ."

ಅಜ್ಜಿ ಎಕ್ಸ್‌ರೇ ಹತ್ತಿರ ಹೋದಳು.

"ಎಕ್ಸ್‌ರೇ, ಎಕ್ಸ್‌ರೇ, ಚಿತ್ರ ತೆಗಿಯಪ್ಪ. ಚಿತ್ರ ಇಲ್ಲದೆ ಡಾಕ್ಟರಮ್ಮ ಕೊಯ್ಯಲ್ಲ. ಕೊಯ್ಯದೆ ಮೂಳೆ ಕೂಡಲ್ಲ. ಮೂಳೆ ಕೂಡದೆ ಹುರುಳಿ ನಡೆಯಲ್ಲ."

"ಕರೆಂಟಿಲ್ಲ. ತೆಗೆಯಲ್ಲ," ಅಂತು ಎಕ್ಸ್‌ರೇ. ಗಾಳಿಗೆ ತಂತಿ ಹರಿದಿತ್ತು.

ಅಜ್ಜಿ ಲೈನ್‌ಮನ್ ಹತ್ತಿರ ಹೋದಳು.

"ಲೈನ್‌ಮನ್, ಲೈನ್‌ಮನ್, ತಂತಿ ಕಟ್ಟಪ್ಪ. ತಂತಿ ಕಟ್ಟದೆ ಕರೆಂಟ್ ಬರಲ್ಲ. ಕರೆಂಟಿಲ್ಲದೆ ಚಿತ್ರ ಇಲ್ಲ. ಚಿತ್ರ ಇಲ್ಲದೆ ಡಾಕ್ಟರಮ್ಮ ಕೊಯ್ಯಲ್ಲ. ಕೊಯ್ಯದೆ ಮೂಳೆ ಕೂಡಲ್ಲ. ಮೂಳೆ ಕೂಡದೆ ಹುರುಳಿ ನಡೆಯಲ್ಲ."

"ಏಣಿ ಇಲ್ಲದೆ ಕಂಬ ಹತ್ತಲ್ಲ," ಅಂದ ಲೈನ್‌ಮನ್.

ಏಣಿ ಇದ್ದದ್ದು ಸುಣ್ಣ ಬಳಿಯುವ ಮುದ್ದಪ್ಪನ ಹತ್ತಿರ. ಅಜ್ಜಿ ಅಲ್ಲಿಗೂ ಹೋದಳು.

"ಮುದ್ದಪ್ಪ, ಮುದ್ದಪ್ಪ, ಏಣಿ ಕೊಡಪ್ಪ. ಏಣಿ ಇಲ್ಲದೆ ಲೈನ್‌ಮನ್ ಹತ್ತಲ್ಲ. ಹತ್ತದೆ ತಂತಿ ಕಟ್ಟಲ್ಲ. ತಂತಿ ಕಟ್ಟದೆ ಕರೆಂಟ್ ಬರಲ್ಲ. ಕರೆಂಟಿಲ್ಲದೆ ಚಿತ್ರ ಇಲ್ಲ. ಚಿತ್ರ ಇಲ್ಲದೆ ಡಾಕ್ಟರಮ್ಮ ಕೊಯ್ಯಲ್ಲ. ಕೊಯ್ಯದೆ ಮೂಳೆ ಕೂಡಲ್ಲ. ಮೂಳೆ ಕೂಡದೆ ಹುರುಳಿ ನಡೆಯಲ್ಲ."

"ಆ ನಾಯಿಗಾ? ಕೊಡಲ್ಲ! ನನ್ನ ಕಂಡ್ರೆ ದಿನಾ ಬೊಗಳುತ್ತೆ."

ಅಜ್ಜಿ ಜಗಳ ಆಡಲಿಲ್ಲ. ಬುಟ್ಟಿ ಇಳಿಸಿದಳು. ಹುರುಳಿ ಮುದ್ದಪ್ಪನನ್ನು ನೋಡಿತು. ಬೊಗಳಲಿಲ್ಲ. ಬೊಗಳಲು ಶಕ್ತಿಯೇ ಇರಲಿಲ್ಲ, ಪಾಪ.

"ಬೊಗಳೇ ಹುರುಳಿ," ಅಂದ ಮುದ್ದಪ್ಪ. "ಒಂದ್ಸಲ ಬೊಗಳೇ."

ಹುರುಳಿ ಕಣ್ಣು ಮುಚ್ಚಿತು. ಮುದ್ದಪ್ಪ ಅದರ ತಲೆ ಸವರಿದ.

ಮುದ್ದಪ್ಪ ಏಣಿ ಕೊಟ್ಟ. ಏಣಿ ಬಂತು, ಲೈನ್‌ಮನ್ ಹತ್ತಿದ. ಹತ್ತಿದ, ತಂತಿ ಕಟ್ಟಿದ. ತಂತಿ ಕಟ್ಟಿದ, ಕರೆಂಟ್ ಬಂತು. ಕರೆಂಟ್ ಬಂತು, ಎಕ್ಸ್‌ರೇ ಚಿತ್ರ ತೆಗೆಯಿತು. ಚಿತ್ರ ಬಂತು, ಡಾಕ್ಟರಮ್ಮ ನಿದ್ದೆ ಸೂಜಿ ಕೊಟ್ಟರು. ಕೊಯ್ದರು. ಮೊಳೆ ಹಾಕಿದರು. ಹೊಲಿದರು. ದಿನ ಕಳೆಯಿತು, ಮೂಳೆ ಕೂಡಿತು.

ಹುರುಳಿ ಮಾತ್ರ ನಡೆಯಲಿಲ್ಲ. ಕಾಲು ಎತ್ತಿಕೊಂಡೇ ನಿಂತಿತು.

ಅಜ್ಜಿ ಅತ್ತಳು. "ಇನ್ಯಾರ ಹತ್ರ ಹೋಗ್ಲವ್ವ?"

"ಯಾರ ಹತ್ರಾನೂ ಬೇಡ," ಅಂದರು ಡಾಕ್ಟರಮ್ಮ. "ಹಾರೋಕೆ ಬಿಡಬೇಡ. ದಿನಾ ಮೆಲ್ಲಗೆ ಮಡಿಸಜ್ಜಿ, ಮೆಲ್ಲಗೆ ಬಿಡಿಸಜ್ಜಿ. ಇಲ್ದಿದ್ರೆ ಕೀಲು ಬಿಗಿದುಹೋಗುತ್ತೆ."

ಅಜ್ಜಿ ಮಡಿಸಿದಳು, ಬಿಡಿಸಿದಳು. ಹುರುಳಿ ಕುಂಯ್ ಅಂತು. "ನೋವಾಯ್ತಾ ಕಂದ? ನಂಗೂ ನೋವೇ." ಮಡಿಸಿದಳು, ಬಿಡಿಸಿದಳು. ಹುಣ್ಣಿಮೆ ಹೋಯಿತು. ಮಡಿಸಿದಳು, ಬಿಡಿಸಿದಳು. ಅಮಾವಾಸ್ಯೆ ಹೋಯಿತು. ಮಡಿಸಿದಳು, ಬಿಡಿಸಿದಳು.

ಒಂದು ಬೆಳಗ್ಗೆ ಅಜ್ಜಿ ಬಿದಿರು ಸೀಳುತ್ತಿದ್ದಳು. ಹುರುಳಿ ಎದ್ದಿತು. ಒಂದು ಕಾಲು ಊರಿತು. ಎರಡು ಕಾಲು ಊರಿತು. ಮೂರು ಕಾಲು ಊರಿತು. ನಿಂತಿತು. ಅಜ್ಜಿ ಕರೆಯಲಿಲ್ಲ. ಬಿದಿರು ಕೆಳಗಿಟ್ಟಳು.

ನಾಲ್ಕನೇ ಕಾಲು ಊರಿತು.

ಸ್ವಲ್ಪ ಕುಂಟು ಉಳಿಯಿತು, ಮಕ್ಕಳೇ. ಉಳಿದರೆ ಉಳಿಯಲಿ. ಹುರುಳಿ ನಡೆದು ಬಂತು, ಅಜ್ಜಿಯ ಮಡಿಲಲ್ಲಿ ತಲೆ ಇಟ್ಟಿತು.