ಬಂಡೆ ನೋಡುವವರು

ಗುರುಗಳು ಕುಮುದಿನಿಯನ್ನು ‘ಮಗಳೇ’ ಅನ್ನುತ್ತಿದ್ದರು. ಪ್ರಮಥನನ್ನು ‘ಏನಪ್ಪ’ ಅನ್ನುತ್ತಿದ್ದರು.

ಆಶ್ರಮದಲ್ಲಿ ಬೇರೆ ಯಾರೂ ಇದನ್ನು ಗಮನಿಸಿರಲಿಲ್ಲ. ಪ್ರಮಥ ಗಮನಿಸಿದ್ದ.

ಹೊಳೆದಂಡೆಯ ಆ ಆಶ್ರಮದಲ್ಲಿ ಹಳೆಯ ಓಲೆಗರಿಗಳು ರಾಶಿ ಬಿದ್ದಿದ್ದವು. ಅವನ್ನು ಓದಬಲ್ಲ ಸಾಫ್ಟ್‌ವೇರ್ ಬರೆಯುವ ತಂಡಕ್ಕೆ ಪ್ರಮಥ ಮುಖ್ಯಸ್ಥ. ಓದಿದ್ದನ್ನು ಜನ ಹುಡುಕಿಕೊಳ್ಳುವಂತೆ ಮಾಡುವ ತಂಡಕ್ಕೆ ಕುಮುದಿನಿ. ಅವಳು ಅವನಿಗಿಂತ ಎಷ್ಟೋ ತಡವಾಗಿ ಆಶ್ರಮಕ್ಕೆ ಬಂದವಳು.

ಅವಳ ಕೆಲಸ ಮುಗಿಯುತ್ತ ಬಂದಿತ್ತು. ಅವನದು ತೆವಳುತ್ತಿತ್ತು.

ಒಂದು ರಜೆಯ ಬೆಳಿಗ್ಗೆ ಪ್ರಮಥ ಗುರುಗಳ ಮುಂದೆ ಬಂದು ನಿಂತ.

“ಗುರುಗಳೇ, ಇಂದುಧರ, ತನ್ಮಯಿ ಇಬ್ಬರೂ ಕುಮುದಿನಿಯ ತಂಡಕ್ಕೆ ಹೋಗುತ್ತಾರಂತೆ. ನನ್ನಲ್ಲಿ ಕೆಲಸ ಬಲ್ಲವರು ಅವರಿಬ್ಬರೇ. ಅವರು ಹೋದರೆ ನನ್ನ ತಂಡ ಅಂತ ಉಳಿಯುವುದೇನು?”

“ನನ್ನನ್ನೂ ಕೇಳಿದರು. ನಾಳೆ ನಿನ್ನ ಹತ್ತಿರ ಮಾತಾಡಿ, ಆಮೇಲೆ ನೀವೇ ತೀರ್ಮಾನಿಸಿ ಅಂದೆ.”

“ಅವಳೇ ಪುಸಲಾಯಿಸಿದ್ದಾಳೆ.”

“ಯಾವಾಗ?”

“ಯಾವಾಗ ಅಂದರೆ... ಅವಳಿಗೇನು, ಹೊತ್ತೇ ಹೊತ್ತು! ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿರುತ್ತಾಳೆ. ಒಳಗೆ ಅವಳ ತಂಡದವರು ನಗುತ್ತಿರುತ್ತಾರೆ. ಕೆಲಸದ ಜಾಗದಲ್ಲಿ ನಗು!”

“ನಿನ್ನ ತಂಡ ಹೇಗೆ?”

“ನಾನು ಅವರನ್ನು ಬಿಟ್ಟು ಕದಲುವುದಿಲ್ಲ. ಬೆಳಿಗ್ಗೆ ಮೀಟಿಂಗ್. ಊಟವಾದ ಮೇಲೆ ಮೀಟಿಂಗ್. ಸಂಜೆ ಮೀಟಿಂಗ್. ನಡುನಡುವೆ ಕುರ್ಚಿಯ ಹಿಂದೆ ನಿಂತು ಎಲ್ಲಿಗೆ ಬಂತು ಅಂತ ವಿಚಾರಿಸುತ್ತೇನೆ. ನನ್ನಷ್ಟು ಯಾರು ದುಡಿಯುತ್ತಾರೆ, ಹೇಳಿ?”

ಗುರುಗಳು ಪಂಚೆ ಎತ್ತಿ ಕಟ್ಟಿದರು. “ನಡಿ, ಆಚೆ ದಡಕ್ಕೆ ಹೋಗಿ ಬರೋಣ.”

ತೆಪ್ಪದಲ್ಲಿ ಗುರುಗಳೇ ಹುಟ್ಟು ಹಿಡಿದರು. ಪ್ರಮಥ ಗಾಬರಿಯಾಗಿ ಕೈ ಚಾಚಿದ.

“ಬೇಡ. ಈಗ ನೀನು ಯಜಮಾನ, ನಾನು ಆಳು. ಮುಂದೆ ಕೂತುಕೋ. ನಿನ್ನ ತಂಡವನ್ನು ಹೇಗೆ ನಡೆಸುತ್ತೀಯೋ ಹಾಗೇ ನನ್ನನ್ನೂ ನಡೆಸು.”

ಹೊರಟರು. ಸ್ವಲ್ಪ ಮುಂದೆ ಇನ್ನೊಂದು ತೆಪ್ಪ ಹೋಗುತ್ತಿತ್ತು. ಅದರಲ್ಲಿ ಕುಮುದಿನಿ, ಜೊತೆಗೆ ತರಕಾರಿಯ ಖಾಲಿ ಬುಟ್ಟಿಗಳು. ಹುಟ್ಟು ಹಾಕುತ್ತಿದ್ದವನು ಇಂದುಧರ.

ಪ್ರಮಥ ಅತ್ತ ಬೆರಳು ಚಾಚಿದ.

“ನೋಡಿ! ನನ್ನ ಮೀಟಿಂಗಿಗೆ ಕಾಲೆಳೆದುಕೊಂಡು ಬರುವವನು ಇಲ್ಲಿ ತೋಳು ತಿರುಗಿಸುತ್ತಿದ್ದಾನೆ. ಗುರುಗಳೇ, ನಾವೆಷ್ಟು ದೂರ ಬಂದೆವು?”

ಗುರುಗಳು ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕೈ ಮುಗಿದರು.

“ಕಾಲು ಭಾಗ ಬಂದಿದ್ದೇವೆ, ಯಜಮಾನರೇ. ಸೆಳೆತ ಸಾಧಾರಣ. ಆಳಿನ ಉತ್ಸಾಹ ಚೆನ್ನಾಗಿದೆ.”

ಅಷ್ಟರಲ್ಲಿ ತೆಪ್ಪ ಒಂದು ಸುತ್ತು ತಿರುಗಿತ್ತು. ಗುರುಗಳು ಅದನ್ನು ನೇರ ಮಾಡಿಕೊಂಡರು.

“ಅವಳು ಆಗಲೇ ಅಲ್ಲಿಗೆ ಹೋದಳಲ್ಲ! ನಾವು ಯಾವಾಗ ಮುಟ್ಟುತ್ತೇವೆ?”

ಹುಟ್ಟು ಮತ್ತೆ ಮೇಲೆ ಬಂತು. “ವಿಚಾರಿಸಿದ್ದು ಸಂತೋಷ. ಅಂದುಕೊಂಡಿದ್ದಕ್ಕಿಂತ ತಡವಾಗಬಹುದು. ಕಾರಣ ವಿವರಿಸಲೇ?”

ತೆಪ್ಪ ಮತ್ತೆ ತಿರುಗಿತು.

“ಬೇಡ, ಬೇಡ, ಹುಟ್ಟು ಹಾಕಿ! ಆ ಕಡೆ ಅಲ್ಲ, ಈ ಕಡೆ. ಅವಳು ಹೋದ ದಾರಿಯಲ್ಲೇ ಹೋಗಿ. ಇಂದುಧರ ಹಾಕುವ ಹಾಗೆ ಹಾಕಿ!”

“ಹೇಗೆ ಹಾಕುತ್ತಾನೆ, ಯಜಮಾನರೇ?” ಗುರುಗಳು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಆಸಕ್ತಿಯಿಂದ ಅತ್ತ ನೋಡಿದರು.

ಇಬ್ಬರೂ ನೋಡಿದರು. ಕುಮುದಿನಿ ಇಂದುಧರನಿಗೆ ಬೆನ್ನು ಹಾಕಿ ಕೂತು ನೀರು ನೋಡುತ್ತಿದ್ದಳು. ಒಮ್ಮೆ ಎಡಗೈ ಎತ್ತಿದಳು. ಎಷ್ಟೋ ಹೊತ್ತಾದ ಮೇಲೆ ಬಲಗೈ.

“ನೋಡಿದಿರಾ ಗುರುಗಳೇ? ಅಲ್ಲೂ ಸುಮ್ಮನೆ ಕೂತಿದ್ದಾಳೆ, ನಾನು ಹೇಳಲಿಲ್ಲವೇ, ಅವಳು—”

ತೆಪ್ಪ ದಡ್ಡೆಂದು ಬಂಡೆಗೆ ಬಡಿಯಿತು.

ನೀರು ಒಳಗೆ ನುಗ್ಗಿತು. ಇಬ್ಬರೂ ಬೊಗಸೆಯಲ್ಲಿ ಮೊಗೆದು ಚೆಲ್ಲಿದರು. ಹೊಳೆ ಅವರನ್ನು ಬುಗುರಿಯ ಹಾಗೆ ಆಡಿಸುತ್ತ ಕೆಳಗೆ ಒಯ್ದು, ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ, ಹೊರಟ ದಡಕ್ಕೇ ತಂದು ಬಿಟ್ಟಿತು.

ಆಚೆ ದಡದಲ್ಲಿ ಇಂದುಧರ ಬುಟ್ಟಿ ಇಳಿಸುತ್ತಿದ್ದ. ಕುಮುದಿನಿ ಏನೋ ಅಂದಳು. ಅವನ ನಗು ನೀರಿನ ಮೇಲೆ ಹಾದು ಇಲ್ಲಿಯವರೆಗೂ ಬಂತು.

ತನ್ನ ತಂಡದಲ್ಲಿ ಅವನು ನಕ್ಕಿದ್ದನ್ನು ಪ್ರಮಥ ಕೇಳಿಯೇ ಇರಲಿಲ್ಲ.

“ಬಂಡೆ ನನಗೆ ಕಾಣಲಿಲ್ಲ,” ಅಂದ.

“ಮುಂದೆ ಕೂತಿದ್ದವನು ನೀನು.”

“ನಾನು ಅವಳನ್ನು ನೋಡುತ್ತಿದ್ದೆ, ಗುರುಗಳೇ.”

“ಅವಳನ್ನು ನೋಡದಾಗ ನನ್ನನ್ನು ನೋಡುತ್ತಿದ್ದೆ.”

ಗುರುಗಳು ಪಂಚೆಯ ಅಂಚು ಹಿಂಡಿಕೊಂಡು ಹುಟ್ಟನ್ನು ಅವನ ಕೈಗಿಟ್ಟರು. ತಾವು ಅವನಿಗೆ ಬೆನ್ನು ಹಾಕಿ ಮುಂದೆ ಕೂತರು.

ಪ್ರಮಥ ತೆಪ್ಪವನ್ನು ಮತ್ತೆ ಆಚೆ ದಡದತ್ತ ತಿರುಗಿಸಿ ಹುಟ್ಟು ಹಾಕಿದ. ಮೊದಮೊದಲು ತೋಳು ಸೋತಿತು, ಆಮೇಲೆ ನೀರಿನ ಭಾರ ಕೈಗೆ ತಿಳಿಯುತ್ತ ಬಂತು. ಗುರುಗಳು ಒಮ್ಮೆ ಎಡಗೈ ಎತ್ತಿದರು. ಬಂಡೆಯೊಂದು ಪಕ್ಕದಲ್ಲೇ ಸರಿದುಹೋಯಿತು.

ಯಾರೂ ಏನೂ ಕೇಳಲಿಲ್ಲ. ನಡುಹೊಳೆಯಲ್ಲಿ ಅವನಿಗೇ ತಡೆಯಲಾಗಲಿಲ್ಲ.

“ಗುರುಗಳೇ, ಅರ್ಧ ಬಂದೆವು.”

“ನಾನು ಕೇಳಿದೆನೇ?”

ಅವನು ಇನ್ನಷ್ಟು ಹುಟ್ಟು ಹಾಕಿದ. ಆಮೇಲೆ ಕೈ ನಿಲ್ಲಿಸಿದ. ದನಿ ಇಳಿದಿತ್ತು.

“ನಾಳೆ ಅವರಿಬ್ಬರೂ ಬರುತ್ತಾರೆ. ಬಿಟ್ಟು ಹೋಗದ ಹಾಗೆ ಏನಂತ ಹೇಳಲಿ?”

ತೆಪ್ಪ ಮೆಲ್ಲಗೆ ತಿರುಗತೊಡಗಿತು.

ಗುರುಗಳು ಹಿಂದಿರುಗಿ ನೋಡಲಿಲ್ಲ.

“ನೀನು ಹುಟ್ಟು ಹಾಕು, ಮಗನೇ. ಬಂಡೆ ನಾನು ನೋಡಿಕೊಳ್ಳುತ್ತೇನೆ.”